ಆಸ್ಪತ್ರೆಯ ತೊಟ್ಟಿಲಿಗೆ ಯಾವ ಹಾಡು?



ಹಾಡನ್ನು ಒರೆಗೆ ಹಚ್ಚಿ ನೋಡುವುದು ವಿಮರ್ಶೆಯ ಕೆಲಸ. ಆ ಒರೆಗಲ್ಲು ಸಾಮಾನ್ಯವಾಗಿ ಸಭಾಂಗಣದಲ್ಲಿರುತ್ತದೆ. ಶ್ರುತಿ ಸೇರಿತೇ, ತಾಳ ತಪ್ಪಿತೇ, ಸಾಹಿತ್ಯ ಸೊಗಸಾಗಿದೆಯೇ, ಕೇಳುಗರು ತಲೆದೂಗಿದರೇ ಎಂದು ನಾವು ಕೇಳುತ್ತೇವೆ. ಅದೇ ಹಾಡನ್ನು ಸಭಾಂಗಣದಿಂದ ಎತ್ತಿಕೊಂಡು ಹೋಗಿ, ಮೂಗಿಗೆ ನಳಿಕೆ ಹಾಕಿಸಿಕೊಂಡು, ಕೈಗೆ ಸಲೈನ್ ಸೂಜಿ ಚುಚ್ಚಿಸಿಕೊಂಡು ಮಲಗಿದ ಮಗುವಿನ ಹಾಸಿಗೆಯ ಪಕ್ಕದಲ್ಲಿ ಇಟ್ಟರೆ ಏನಾದೀತು? ಅಲ್ಲಿ ತಲೆದೂಗುವವರಿಲ್ಲ, ಚಪ್ಪಾಳೆಯಿಲ್ಲ. ಕೇಳುವ ಜೀವ ಒಂದೇ. ಆ ಜೀವಕ್ಕೆ ಎದ್ದು ಹೋಗುವ ಸ್ವಾತಂತ್ರ್ಯವೂ ಇಲ್ಲ. ಅಂಥ ಕೇಳುಗನ ಮುಂದೆ ನಮ್ಮ ಹಾಡುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಸೋಲುತ್ತದೆ ಎಂಬುದನ್ನು ಈ ತಿಂಗಳು ನಿಮ್ಮೊಡನೆ ಕೂಡಿ ಪರಿಶೀಲಿಸಬೇಕೆಂದಿದ್ದೇನೆ.

ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರಿನ ತಾಯಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿನ ಜ್ವರ ಇಳಿಯದಿದ್ದರೆ ಮೊದಲು ಕಂಪ್ಲಿ, ಅಲ್ಲಿ ಆಗದಿದ್ದರೆ ಹೊಸಪೇಟೆ ಅಥವಾ ಬಳ್ಳಾರಿ. 1961ರಲ್ಲಿ ಆರಂಭಗೊಂಡ ವೈದ್ಯಕೀಯ ಕಾಲೇಜಿನೊಡನೆ ಬೆಳೆದು, ಜನರ ಬಾಯಲ್ಲಿ ‘ವಿಮ್ಸ್’ ಎಂದೇ ನೆಲೆಸಿದ ಬಳ್ಳಾರಿಯ ದೊಡ್ಡಾಸ್ಪತ್ರೆ ಈ ಭಾಗದ ಬಡವರಿಗೆಲ್ಲ ಪರಿಚಿತ. ರಕ್ತದ ಕ್ಯಾನ್ಸರಿನಂಥ ರೋಗವೆಂದಾದರೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೂ ದಾರಿ ಬೆಳೆಯುತ್ತದೆ. ಊರಿನಿಂದ ದೂರ ಸರಿದಂತೆಲ್ಲ ಮಗುವಿಗೆ ಗೊತ್ತಿದ್ದ ದನಿಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಸಂಜೆ ಮನೆಗೆ ಮರಳುವ ದನಗಳ ಕೊರಳ ಗಂಟೆ ಇಲ್ಲ. ಅಜ್ಜಿಯ ಗೊಣಗಾಟ ಇಲ್ಲ. ಅಣ್ಣತಮ್ಮಂದಿರ ಜಗಳ ಇಲ್ಲ. ಅವುಗಳ ಜಾಗದಲ್ಲಿ ಯಂತ್ರಗಳ ಬೀಪ್ ಸದ್ದು, ತಳ್ಳುಗಾಡಿಯ ಗಾಲಿಯ ಕಿರುಗುಟ್ಟುವಿಕೆ, ಪಕ್ಕದ ಹಾಸಿಗೆಯ ಅಳು. ಉಳಿಯುವ ಹಳೆಯ ದನಿ ಒಂದೇ, ಅದು ತಾಯಿಯದು. ಆಸ್ಪತ್ರೆಯಲ್ಲಿ ಆ ದನಿಯೂ ಅಡಗಿಬಿಡುತ್ತದೆ. ನಾಲ್ಕು ಜನರ ಎದುರಿಗೆ ಹಾಡಲು ನಾಚಿಕೆ, ನರ್ಸಮ್ಮ ಏನೆಂದಾಳೋ ಎಂಬ ಅಂಜಿಕೆ, ಎಲ್ಲಕ್ಕಿಂತ ಮಿಗಿಲಾಗಿ ಗಂಟಲಲ್ಲಿ ಕಟ್ಟಿದ ದುಃಖ. ಮಗು ಅತ್ತರೆ ಅವಳ ಕೈ ಮೊಬೈಲಿನ ಕಡೆಗೆ ಹೋಗುತ್ತದೆ. ಪರದೆಯ ಮೇಲೆ ಬಣ್ಣದ ಗೊಂಬೆಗಳು ಕುಣಿಯುತ್ತವೆ, ಅರಿಯದ ಭಾಷೆಯಲ್ಲಿ ಯಾರೋ ಹಾಡುತ್ತಾರೆ. ಮಗು ಸುಮ್ಮನಾಗುತ್ತದೆ. ಸುಮ್ಮನಾದದ್ದೆಲ್ಲ ಸಾಂತ್ವನವೇ? ಇಂದಿನ ಮೊದಲ ಪ್ರಶ್ನೆ ಇದು.

ಎರಡನೆಯ ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳ ಗಾನವೃಂದಗಳು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುವುದುಂಟು. ಕೇಕು, ಬಲೂನು, ಕೆಂಪು ಅಂಗಿಯ ತಾತ, ಕೀಬೋರ್ಡು, ಕೆಲವೊಮ್ಮೆ ಧ್ವನಿವರ್ಧಕ. ಹೋಗುವವರ ಮನಸ್ಸು ನಿರ್ಮಲವಾದದ್ದು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಳ್ಳೆಯ ಮನಸ್ಸು ಒಳ್ಳೆಯ ಹಾಡಿಗೆ ಖಾತರಿಯಲ್ಲ. ಅರ್ಧ ಗಂಟೆ ಹಾಡಿ, ಫೋಟೋ ತೆಗೆಸಿಕೊಂಡು ಹೊರಬಂದಾಗ ಹಗುರವಾದದ್ದು ಯಾರ ಹೃದಯ? ಮಗುವಿನದೋ, ನಮ್ಮದೋ? ರೋಗಿಯ ಮುಂದೆ ಏನು ಮಾಡಬೇಕೆಂದು ತೋಚದ ನಮ್ಮ ಕಳವಳವನ್ನು ಮುಚ್ಚಲು ಹಾಡು ಒಂದು ಹೊದಿಕೆಯಾಗಿರಬಹುದಲ್ಲವೇ?

ಬಲ್ಲವರು ಕಂಡದ್ದು

ಸಂಗೀತವು ಎಳೆಯ ರೋಗಿಗಳಿಗೆ ಏನು ಮಾಡಬಲ್ಲದು ಎಂಬುದನ್ನು ವೈದ್ಯಲೋಕವು ಅಳೆದು ನೋಡಿದೆ. 2013ರಲ್ಲಿ ಅಮೆರಿಕದ ಜೋನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಕೂಸುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಗರ್ಭದೊಳಗಿನ ಸದ್ದನ್ನು ಹೋಲುವ ಒಂದು ವಾದ್ಯ, ತಾಯಿಯ ಎದೆಬಡಿತವನ್ನು ಹೋಲುವ ಇನ್ನೊಂದು ವಾದ್ಯ, ಇವುಗಳ ಜೊತೆಗೆ ತಂದೆತಾಯಿಗಳೇ ಆರಿಸಿದ ಹಾಡು. ಆ ಹಾಡು ಯಾವುದೇ ಆಗಿರಲಿ, ಅದನ್ನು ಜೋಗುಳದ ನಡೆಗೆ ಇಳಿಸಿ, ಕೂಸಿನ ಉಸಿರಾಟವನ್ನು ಗಮನಿಸುತ್ತ ಎದುರಿನಲ್ಲಿಯೇ ಹಾಡುತ್ತಿದ್ದರು. ಕೂಸುಗಳ ಎದೆಬಡಿತ ನಿಧಾನಗೊಂಡಿತು. ನಿದ್ರೆಗೂ ಹಾಲು ಚೀಪುವುದಕ್ಕೂ ಅನುಕೂಲವಾಯಿತು. ತಂದೆತಾಯಿಗಳ ತಳಮಳವೂ ತಗ್ಗಿತು. ಇಲ್ಲಿ ಗಮನಿಸಬೇಕಾದದ್ದು, ಆ ಹಾಡನ್ನು ಆರಿಸಿದವರು ಸಂಗೀತ ವಿದ್ವಾಂಸರಲ್ಲ. ಅದು ಮನೆಯಿಂದ ಬಂದ ಹಾಡು.

ಅದೇ ವರ್ಷ ಕೆನಡಾದ ಎಡ್ಮಂಟನ್ ನಗರದಿಂದ ಇನ್ನೊಂದು ವರದಿ ಬಂತು. ತುರ್ತು ಚಿಕಿತ್ಸೆಗೆ ಬಂದ 3ರಿಂದ 11 ವರ್ಷದ 42 ಮಕ್ಕಳಿಗೆ ರಕ್ತನಾಳಕ್ಕೆ ಸೂಜಿ ಹಾಕುವಾಗ ಅರ್ಧದಷ್ಟು ಮಕ್ಕಳಿಗೆ ಸಂಗೀತ ಕೇಳಿಸಿದರು, ಉಳಿದವರಿಗೆ ಎಂದಿನ ಉಪಚಾರ ಮಾತ್ರ. ಸಂಗೀತವಿಲ್ಲದ ಮಕ್ಕಳು ಸೂಜಿಯ ನಂತರ ನೋವು ಹೆಚ್ಚಿತೆಂದರು. ಸಂಗೀತವಿದ್ದ ಮಕ್ಕಳ ನೋವು ಮೊದಲಿದ್ದಷ್ಟೇ ಇತ್ತು. ಸಂಖ್ಯೆ ಚಿಕ್ಕದು, ಇದರ ಮೇಲೆ ದೊಡ್ಡ ಮಹಲು ಕಟ್ಟಲಾಗದು. ಆದರೂ ಒಂದು ಮಾತು ಸ್ಪಷ್ಟ: ಸಂಗೀತವು ರೋಗವನ್ನು ಅಳಿಸಲಿಲ್ಲ, ಸೂಜಿಯನ್ನು ತಪ್ಪಿಸಲಿಲ್ಲ, ನೋವಿನ ಜೊತೆಗೆ ಬರುವ ಭಯವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿತು.

ಇದಕ್ಕೂ ಬಹಳ ಹಿಂದೆ, 1859ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷಾ ಗ್ರಂಥದಲ್ಲಿ ಸೂಕ್ಷ್ಮವಾದ ವಿಚಾರವೊಂದನ್ನು ಗುರುತಿಸಿದ್ದರು. ಎಡೆಬಿಡದೆ ಹರಿಯುವ ನಾದ, ಅಂದರೆ ಮನುಷ್ಯನ ಕಂಠ, ಊದುವ ವಾದ್ಯ, ತಂತಿವಾದ್ಯ, ರೋಗಿಗೆ ಹಿತ. ಬಡಿದು ಬಡಿದು ತುಂಡಾಗುವ ಪಿಯಾನೋದಂಥ ನಾದ ಅಹಿತ ಎಂಬುದು ಅವರ ಅಭಿಪ್ರಾಯ. ಕೀಬೋರ್ಡಿನ ಸಿದ್ಧ ತಾಳವನ್ನು ಹಾಕಿಕೊಂಡು ವಾರ್ಡಿಗೆ ಹೊರಡುವ ನಮ್ಮ ತರುಣರು ಈ ಮಾತನ್ನು ಮನನ ಮಾಡಬೇಕು. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ಆಸ್ಪತ್ರೆಯ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಅವು ಹಗಲಿನಲ್ಲಿ 50, ರಾತ್ರಿಯಲ್ಲಿ 40 ಡೆಸಿಬಲ್ ಮಿತಿಯನ್ನು ವಿಧಿಸುತ್ತವೆ. ಇಬ್ಬರು ಸಾಧಾರಣವಾಗಿ ಮಾತಾಡಿಕೊಂಡರೆ ಆಗುವ ಸದ್ದೇ ಸುಮಾರು 60 ಡೆಸಿಬಲ್. ಹೊರಗಿನ ಬೀದಿಗೇ ಇಷ್ಟು ಕಟ್ಟುಪಾಡು ಇರುವಾಗ ಒಳಗಿನ ಹಾಸಿಗೆಯ ಪಕ್ಕದಲ್ಲಿ ಧ್ವನಿವರ್ಧಕಕ್ಕೆ ಎಲ್ಲಿಯ ಸ್ಥಾನ?

ಜೋಗುಳ: ಎರಡು ಹೃದಯಗಳ ಹಾಡು

ಈಗ ನಮ್ಮ ಹಾಡುಗಳ ಕಡೆಗೆ ಬರೋಣ. ಮೊದಲನೆಯದು ಜೋಗುಳ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ, ಅಕ್ಷರ ಕಲಿಯದ ಹೆಣ್ಣುಮಕ್ಕಳ ಬಾಯಲ್ಲಿ ಎಂಥ ಕಾವ್ಯವಿದೆಯೆಂದು ಓದುಬಲ್ಲ ಕನ್ನಡಿಗರಿಗೆ ತಿಳಿದುಬಂತು. ಅದರ ಛಂದಸ್ಸು ತ್ರಿಪದಿ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ಈ ಮಟ್ಟು ಬೀಸುವ ಕಲ್ಲಿನ ಬಳಿ, ತೊಟ್ಟಿಲ ಬಳಿ ಇಂದಿಗೂ ಉಸಿರಾಡುತ್ತಿದೆ. ಕಾಗದದ ಮೇಲೆ ಅದಕ್ಕೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲು ಮತ್ತೆ ಮರಳಿ ಬರುತ್ತದೆ. ಪಂಡಿತರು ಇದನ್ನು ಲಯದ ಅನುಕೂಲವೆಂದು ವಿವರಿಸುತ್ತಾರೆ. ರೋಗಿಷ್ಠ ಮಗುವಿನ ಕಡೆಯಿಂದ ನೋಡಿದರೆ ಈ ಮರಳುವಿಕೆಯೇ ಜೋಗುಳದ ಜೀವಾಳ. ಆಸ್ಪತ್ರೆಯಲ್ಲಿ ಮುಂದಿನ ಕ್ಷಣ ಏನೆಂದು ಮಗುವಿಗೆ ತಿಳಿಯದು. ಬಾಗಿಲು ತೆರೆದರೆ ಬರುವುದು ಊಟವೋ, ಸೂಜಿಯೋ? ಅಂಥ ಕಡೆ ‘ಮುಂದೆ ಬರುವುದು ನನಗೆ ಗೊತ್ತು’ ಎನ್ನಿಸುವ ಒಂದೇ ಒಂದು ವಸ್ತುವಿದ್ದರೆ ಅದು ಪರಿಚಿತವಾದ ಹಾಡು. ಕೇಳಿದ ಸಾಲು ಮತ್ತೆ ಬಂದಾಗ ಮಗುವಿನ ಪುಟ್ಟ ಲೋಕದಲ್ಲಿ ಒಂದಾದರೂ ಮಾತು ಉಳಿಸಿಕೊಂಡಂತಾಗುತ್ತದೆ.

ಜೋಗುಳವನ್ನು ಕೇವಲ ಸಿಹಿಯಾದ ಹಾಡೆಂದು ಹೊಗಳುವುದು ಅದಕ್ಕೆ ಮಾಡುವ ಅನ್ಯಾಯ. ನಮ್ಮ ತಾಯಂದಿರು ಕಂದನ ಅಂಗಾಲು, ಆಟ, ಅಳುವನ್ನು ಕೊಂಡಾಡುತ್ತಲೇ ತವರಿನ ನೆನಪು, ಅತ್ತೆಯ ಮನೆಯ ಬೇಸರ, ಬಡತನದ ಕಹಿಯನ್ನೂ ಅದರೊಳಗೆ ನೇಯ್ದಿದ್ದಾರೆ. ಸ್ಪೇನಿನ ಕವಿ ಲೋರ್ಕಾ 1928ರಲ್ಲಿ ತನ್ನ ನಾಡಿನ ಜೋಗುಳಗಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅವುಗಳ ಆಳವಾದ ದುಃಖವನ್ನು ಎತ್ತಿ ತೋರಿಸಿದ್ದ. ಕೂಸು ನಾದವನ್ನು ಕೇಳುತ್ತದೆ. ತಾಯಿ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಾಳೆ. ಒಂದು ಹಾಡಿನಲ್ಲಿ ಎರಡು ಹೃದಯಗಳಿಗೆ ಉಪಚಾರ. ವೈದ್ಯರ ಮಾತು ಪೂರ್ತಿ ಅರ್ಥವಾಗದೆ, ತೋರಿಸಿದ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿ, ಯಾರ ಬಳಿಯೂ ಅಳಲಾರದೆ ಕುಳಿತ ತಾಯಿಗೆ ತನ್ನ ದುಃಖವನ್ನು ಮಗುವಿಗೆ ಭಯವಾಗದಂತೆ ಹೇಳಿಕೊಳ್ಳುವ ದಾರಿ ಯಾವುದು? ಅವಳ ಅಜ್ಜಿ ಆ ದಾರಿಯನ್ನು ಎಂದೋ ಮಾಡಿಟ್ಟಿದ್ದಾಳೆ. ಮೊಬೈಲಿನ ಹಾಡು ಮಗುವನ್ನು ಸುಮ್ಮನಾಗಿಸಬಹುದು. ತಾಯಿಯ ಪಾಲನ್ನು ಅದು ಕಿತ್ತುಕೊಳ್ಳುತ್ತದೆ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ: ಪರದೆಯು ಮಗುವಿನ ಗಮನವನ್ನು ನೋವಿನಿಂದ ಬೇರೆಡೆಗೆ ಒಯ್ಯುತ್ತದೆ, ಅದೂ ಒಂದು ಉಪಕಾರವೇ. ಆದರೆ ಪರದೆಗೆ ಮಗುವಿನ ಮುಖ ಕಾಣದು. ಮಗು ಮುಲುಗಿದರೆ ಅದು ದನಿ ತಗ್ಗಿಸದು, ಮಗು ಕಣ್ಣು ಮುಚ್ಚಿದರೆ ನಿಲ್ಲದು.

ಜೋಗುಳಕ್ಕೂ ಮಿತಿಯುಂಟು. ಹತ್ತು ವರ್ಷದ ಹುಡುಗನಿಗೆ ತೊಟ್ಟಿಲ ಪದ ಹಾಡಿದರೆ ಅವನಿಗೆ ಅವಮಾನವಾದೀತು. ರೋಗ ಅವನನ್ನು ಮೊದಲೇ ಕೂಸಾಗಿಸಿದೆ. ಸ್ನಾನ, ಊಟ, ಬಟ್ಟೆ ಎಲ್ಲದಕ್ಕೂ ಅವನು ಇನ್ನೊಬ್ಬರ ಕೈಯಲ್ಲಿದ್ದಾನೆ. ಹಾಡಿನಲ್ಲಿಯೂ ಅವನನ್ನು ಕೂಸೆಂದು ಕರೆಯಬೇಕೇ? ಭಾಷೆಯದು ಇನ್ನೊಂದು ಮಿತಿ. ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ತೊಟ್ಟಿಲು ತೂಗುವ ನುಡಿ ಕನ್ನಡವೊಂದೇ ಅಲ್ಲ. ತೆಲುಗು, ಉರ್ದು, ತಾಂಡಾಗಳ ಲಂಬಾಣಿ ಕೂಡ ತಾಯ್ನುಡಿಗಳೇ. ಲಂಬಾಣಿ ತಾಯಿಯ ಮಗುವಿಗೆ ನಮ್ಮ ಅತ್ಯುತ್ತಮ ಕನ್ನಡ ಜೋಗುಳವೂ ಪರರ ಹಾಡೇ. ಅಲ್ಲಿ ನಮ್ಮ ಸೇವೆಯೆಂದರೆ ಹಾಡುವುದಲ್ಲ. ‘ಅವ್ವಾ, ನೀನೇ ಹಾಡು, ಯಾರೂ ಏನೂ ಅನ್ನುವುದಿಲ್ಲ’ ಎಂದು ಆ ತಾಯಿಗೆ ಧೈರ್ಯ ತುಂಬುವುದು.

ಕಥನ: ‘ಹೂಂ’ ಎನ್ನುವ ಅಧಿಕಾರ

ತೊಟ್ಟಿಲನ್ನು ದಾಟಿದ ಮಕ್ಕಳಿಗೆ ನಮ್ಮ ಸೀಮೆಯೇ ಇನ್ನೊಂದು ಸಂಪತ್ತನ್ನು ಕೊಟ್ಟಿದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನು ನೀವು ಬಲ್ಲಿರಿ. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಓದು ಬರಹವಿಲ್ಲದೆ, ಕಂಪ್ಲಿಯ ಕುಮಾರರಾಮನ ಕಥೆಯೂ ಸೇರಿದಂತೆ ಉದ್ದುದ್ದ ಕಾವ್ಯಗಳನ್ನು ನೆನಪಿನಿಂದಲೇ ಹಾಡಿದ ಈ ಬುರ್ರಕಥಾ ಕಲಾವಿದೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವ ನೀಡಿತ್ತು. 2014ರಲ್ಲಿ ಅವರು ತೀರಿಕೊಂಡರು. ಬುರ್ರಕಥೆಯ ವಾದ್ಯಗಳು ವಾರ್ಡಿಗೆ ಹೊಂದುವುದಿಲ್ಲ, ಅದರ ಏರುದನಿಯೂ ಸಲ್ಲದು. ಕುಮಾರರಾಮನ ಕಥೆಯಾದರೋ ಕೊನೆಗೆ ನಾಯಕನ ತಲೆ ಹೋಗುವ ಕಥೆ. ಶಸ್ತ್ರಚಿಕಿತ್ಸೆಗೆ ಕಾದಿರುವ ಬಾಲಕನಿಗೆ ಹೇಳತಕ್ಕದ್ದಲ್ಲ. ಹಾಗಾದರೆ ಇಲ್ಲಿ ನಮಗೆ ದೊರೆಯುವುದೇನು?

ಎರಡು ಪಾಠಗಳು ದೊರೆಯುತ್ತವೆ. ಒಂದು, ಕಥನಗೀತೆಯು ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಕುದುರೆ ಏರಿದ ಪ್ರಸಂಗ ಇವತ್ತು, ಚೆಂಡಾಟ ನಾಳೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಮಗುವಿಗೆ ‘ನಾಳೆ’ ಎಂದರೆ ಮತ್ತೊಂದು ರಕ್ತಪರೀಕ್ಷೆ ಮಾತ್ರ. ಆ ನಾಳೆಯೊಳಗೆ ಕಥೆಯ ಮುಂದಿನ ಭಾಗವೂ ಕಾದಿದೆ ಎಂದಾದರೆ ಅದರ ಬಣ್ಣವೇ ಬೇರೆ. ಎರಡು, ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರನ ಇಕ್ಕೆಲಗಳಲ್ಲಿ ಸಹಾಯಕರಿರುತ್ತಾರೆ. ಅವರು ಸೊಲ್ಲು ಸೇರಿಸುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ. ಕೇಳುವವನು ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗದೆಂಬುದು ನಮ್ಮ ಹಳ್ಳಿಗಳ ನಂಬಿಕೆ. ಈ ‘ಹೂಂ’ ಎಂಬುದು ಎಂಥ ದೊಡ್ಡ ಅಧಿಕಾರ! ಎಲ್ಲರೂ ಅವನ ಮೇಲೆ ಏನಾದರೊಂದನ್ನು ಮಾಡುತ್ತಿದ್ದಾರೆ; ಚುಚ್ಚುತ್ತಾರೆ, ಅಳೆಯುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಕಥೆ ಮುಂದೆ ಸಾಗಬೇಕೋ ಬೇಡವೋ ಎಂಬುದನ್ನು ಮಾತ್ರ ಅವನೇ ತೀರ್ಮಾನಿಸುತ್ತಾನೆ. ಮಾತಾಡಲು ಶಕ್ತಿ ಇಲ್ಲದವನು ಬೆರಳಾಡಿಸಿದರೂ ಅದು ‘ಹೂಂ’ ಆದೀತು.

ಇದೇ ಕಾರಣಕ್ಕೆ ಹೇಳುತ್ತೇನೆ: ಆ ಹುಡುಗ ಪುನೀತ್ ರಾಜ್‌ಕುಮಾರರ ಸಿನಿಮಾ ಹಾಡು ಬೇಕೆಂದರೆ ನಮ್ಮ ಗಾನವೃಂದದವರು ಮುಖ ಸಿಂಡರಿಸಬಾರದು. ನಮ್ಮ ಪಟ್ಟಿಯಲ್ಲಿ ಅದು ಇಲ್ಲದಿರಬಹುದು. ಅವನ ಆಯ್ಕೆಗೆ ಸಲ್ಲಬೇಕಾದ ಗೌರವ ನಮ್ಮ ಪಟ್ಟಿಗಿಂತ ದೊಡ್ಡದು. ಯಾವ ಹಾಡೂ ಬೇಡ, ಹೋಗಿ ಎಂದರೆ ಅದೂ ಅವನ ಆಯ್ಕೆಯೇ.

ಭಕ್ತಿಗೀತೆ: ಯಾರ ನಂಬಿಕೆಯ ಮಾತು?

ಈಗ ನಮ್ಮ ಕ್ರೈಸ್ತ ಭಕ್ತಿಗೀತೆಗಳು. ಗುರುಮಠದ ದಿನಗಳಿಂದ ಇವುಗಳ ನಡುವೆಯೇ ಬಾಳಿದವನಾದ್ದರಿಂದ ಇವುಗಳ ವಿಷಯದಲ್ಲಿ ನಾನು ಹೆಚ್ಚು ನಿಷ್ಠುರವಾಗಿರಬೇಕು. ನಮ್ಮ ಗೀತೆಗಳಲ್ಲಿ ಬಹುಪಾಲು ವಯಸ್ಕರ ಪಶ್ಚಾತ್ತಾಪಕ್ಕೆ, ವಯಸ್ಕರ ಶರಣಾಗತಿಗೆ ರಚಿತವಾದವು. ಪಾಪಭಾರ, ಶೋಧನೆ, ಮರಣದ ಕಣಿವೆ, ಸ್ವರ್ಗದ ಮನೆಗೆ ಪಯಣ ಇಂಥ ರೂಪಕಗಳು ಅರವತ್ತರ ಹಿರಿಯರಿಗೆ ಆಸರೆಯಾಗಬಲ್ಲವು. ಆರು ವರ್ಷದ ಮಗು ರೂಪಕವನ್ನು ಅರಿಯದು. ಅದು ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತದೆ. ‘ನನ್ನನ್ನು ಕರೆದುಕೋ’ ಎಂಬ ಭಾವದ ಗೀತೆಯನ್ನು ಅದರ ಹಾಸಿಗೆಯ ಸುತ್ತ ನಿಂತು ಹಾಡಿದರೆ, ತನ್ನನ್ನು ಯಾರೋ ಒಯ್ಯಲಿದ್ದಾರೆ ಎಂದೇ ಅದು ತಿಳಿಯುತ್ತದೆ. ರೋಗವು ಪಾಪದ ಫಲವೆಂದೋ ದೇವರ ಪರೀಕ್ಷೆಯೆಂದೋ ಸೂಚಿಸುವ ಚರಣಗಳು ಮಗುವಿಗಿಂತಲೂ ಹೆಚ್ಚಾಗಿ ತಾಯಿಯನ್ನು ಇರಿಯುತ್ತವೆ. ‘ನಾನೇನು ತಪ್ಪು ಮಾಡಿದೆ?’ ಎಂದು ರಾತ್ರಿಯೆಲ್ಲ ತನ್ನನ್ನೇ ಕೇಳಿಕೊಳ್ಳುತ್ತಿರುವವಳಿಗೆ ನಾವು ರಾಗ ಸೇರಿಸಿ ಅದೇ ಪ್ರಶ್ನೆಯನ್ನು ಹಿಂದಿರುಗಿಸಿದಂತಾಗುತ್ತದೆ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಅನ್ಯಮತದವರಾಗಿರುತ್ತಾರೆ ಎಂಬುದನ್ನೂ ಮರೆಯಬಾರದು. ಎದ್ದು ಹೋಗಲಾರದವನಿಗೆ ಬಲವಂತವಾಗಿ ಕೇಳಿಸಿದ ಭಕ್ತಿ ಭಕ್ತಿಯಲ್ಲ.

ಹಾಗೆಂದು ಭಕ್ತಿಗೀತೆ ಸಲ್ಲದೆಂದಲ್ಲ. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಮಗು ದಿನವೂ ಕೇಳಿದ ಪುಟ್ಟ ಕೀರ್ತನೆ ಜೋಗುಳದಷ್ಟೇ ಆಪ್ತವಾದದ್ದು. ದೇವರು ಹತ್ತಿರ ಇದ್ದಾನೆ, ಅಮ್ಮ ಹತ್ತಿರ ಇದ್ದಾಳೆ ಎಂಬಷ್ಟನ್ನೇ ಹೇಳುವ, ನಾಲ್ಕು ಸ್ವರಗಳ ನಡುವೆಯೇ ಸುಳಿದಾಡುವ ಸರಳ ಗೀತೆಗಳು ನಮಗೆ ಇನ್ನೂ ಬೇಕು. ನಮ್ಮ ಗೀತರಚನಕಾರರು ಹಬ್ಬಗಳಿಗೆ ನೂರಾರು ಹಾಡು ಬರೆದಿದ್ದಾರೆ. ಕಾಯಿಲೆಯ ಮಗುವಿಗಾಗಿ ಎಷ್ಟು ಬರೆದಿದ್ದಾರೆ? ಎಳೆಯರಿಗೆ ಸಂಗೀತವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಸರಳೆ ವರಸೆಗಳನ್ನು ರೂಪಿಸಿದವರೆಂದು ಪರಂಪರೆ ಗೌರವಿಸುವ ಪುರಂದರದಾಸರು 1564ರಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಹಂಪಿಯಲ್ಲಿಯೇ. ಸಣ್ಣವರಿಗಾಗಿ ದೊಡ್ಡ ವಿದ್ವತ್ತು ಬಾಗಿ ನಿಲ್ಲಬಲ್ಲದು ಎಂಬುದಕ್ಕೆ ಅವರಿಗಿಂತ ಸಮೀಪದ ಸಾಕ್ಷಿ ಬೇಕೇ?

ಮಾರಾಟದ ನಾದ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ರಾಗ ಕೇಳಿದರೆ ಇಂಥ ರೋಗ ವಾಸಿ ಎಂಬ ಪಟ್ಟಿಗಳು ಪುಸ್ತಕಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ, ಈಗ ಮೊಬೈಲುಗಳಲ್ಲಿ ಹರಿದಾಡುತ್ತಿವೆ. ಒಂದೊಂದು ರಾಗಕ್ಕೆ ಒಂದೊಂದು ರೋಗವನ್ನು ಗಂಟುಹಾಕುವ ಈ ಲೆಕ್ಕಾಚಾರಕ್ಕೆ ಗಟ್ಟಿಯಾದ ಆಧಾರವಿಲ್ಲ. ನೀಲಾಂಬರಿ ನಿದ್ರೆಯ ರಾಗವೆಂದು ಕರ್ನಾಟಕ ಸಂಗೀತದಲ್ಲಿ ಪ್ರಸಿದ್ಧಿ. ಅದನ್ನು ಕೇಳುತ್ತ ಬೆಳೆದ ಮನೆಯ ಕೂಸಿಗೆ ಅದು ನಿದ್ರೆ ತಂದೀತು. ಆ ರಾಗವನ್ನು ಎಂದೂ ಕೇಳದ ಮೆಟ್ರಿಯ ಕೂಸಿಗೆ ಬೀಸುಕಲ್ಲಿನ ಪದವೇ ನೀಲಾಂಬರಿ. ಹಾಡಿನ ಬಲವಿರುವುದು ಸ್ವರಗಳ ಹೆಸರಿನಲ್ಲಲ್ಲ. ಅದರ ಜೊತೆಗೆ ಮಗು ಕಳೆದ ದಿನಗಳಲ್ಲಿ. ರಾಗ ಕೇಳಿಸುತ್ತೇವೆಂದು ಔಷಧಿಯನ್ನು ತಡಮಾಡಿದರೆ ಅದು ಮಗುವಿಗೆ ಬಗೆದ ದ್ರೋಹ. ಹಾಡು ವೈದ್ಯನ ಬದಲಿಗೆ ನಿಲ್ಲುವುದಿಲ್ಲ. ವೈದ್ಯನ ಪಕ್ಕದಲ್ಲಿ ನಿಲ್ಲುತ್ತದೆ.

ಕಿನ್ನರಿ ಮತ್ತು ಈಟಿ

ಸಂಗೀತದ ಸಾಂತ್ವನ ಎಂದೊಡನೆ ನಾವು ದಾವೀದನನ್ನು ನೆನೆಯುತ್ತೇವೆ. ದುರಾತ್ಮದ ಪೀಡೆಯಿಂದ ಬಳಲುವ ಸೌಲನ ಮುಂದೆ ಅವನು ಕಿನ್ನರಿ ನುಡಿಸಿದಾಗ ಅರಸನಿಗೆ ಉಪಶಮನವಾಗುತ್ತಿತ್ತೆಂದು ಸಮುವೇಲನ ಮೊದಲನೆಯ ಗ್ರಂಥದ 16ನೇ ಅಧ್ಯಾಯ ಹೇಳುತ್ತದೆ. ಪ್ರವಚನಗಳಲ್ಲಿ ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ 18 ಮತ್ತು 19ನೇ ಅಧ್ಯಾಯಗಳನ್ನೂ ಓದಬೇಕು. ಅದೇ ದಾವೀದ, ಅದೇ ಕಿನ್ನರಿ, ಅದೇ ಸೌಲ. ಈ ಬಾರಿ ನುಡಿಸುತ್ತಿರುವವನ ಮೇಲೆಯೇ ಈಟಿ ಹಾರುತ್ತದೆ. ನಿನ್ನೆ ಹಿತವಾದ ನಾದ ಇಂದು ಅಸಹನೀಯವಾಗಬಹುದು ಎಂಬ ಸತ್ಯವನ್ನು ಪವಿತ್ರ ಗ್ರಂಥ ಮುಚ್ಚಿಟ್ಟಿಲ್ಲ. ಕೀಮೋ ಚಿಕಿತ್ಸೆಯ ವಾಕರಿಕೆಯಲ್ಲಿರುವ ಮಗು ತನ್ನ ಅಚ್ಚುಮೆಚ್ಚಿನ ಹಾಡಿಗೇ ಕಿವಿ ಮುಚ್ಚಿಕೊಂಡರೆ ನಾವು ನೊಂದುಕೊಳ್ಳಬೇಕಾಗಿಲ್ಲ. ಹಾಡನ್ನು ನಿಲ್ಲಿಸಿ, ಕೈ ಹಿಡಿದು ಕುಳಿತರೆ ಸಾಕು.

ಇನ್ನೂ ನೇರವಾದ ಪ್ರಸಂಗ ಯಾಯೀರನ ಮನೆಯದು. ಹನ್ನೆರಡು ವರ್ಷದ ಬಾಲಕಿ ಹಾಸಿಗೆಯ ಮೇಲಿದ್ದಾಳೆ. ಆ ಮನೆಯಲ್ಲಿ ಆಗಲೇ ಕೊಳಲೂದುವವರು ಬಂದು ಸೇರಿದ್ದರೆಂದು ಮತ್ತಾಯನ ಶುಭಸಂದೇಶ ತಿಳಿಸುತ್ತದೆ. ಸಂಪ್ರದಾಯ ಒಪ್ಪಿದ ಸಂಗೀತವೇ ಅದು. ಆದರೆ ಮಗುವಿನ ಕಥೆ ಮುಗಿಯಿತೆಂದು ಸಾರುವ ಸಂಗೀತ. ಪ್ರಭು ಯೇಸು ಮೊದಲು ಮಾಡಿದ್ದು ಅವರನ್ನು ಹೊರಗೆ ಕಳುಹಿಸಿದ್ದು. ಒಳಗೆ ಉಳಿದವರು ತಂದೆ, ತಾಯಿ ಮತ್ತು ಮೂವರು ಶಿಷ್ಯರು. ಅನಂತರ ಅವರು ಕೈಹಿಡಿದು ಆಡಿದ್ದು ಆಕೆಯ ತಾಯ್ನುಡಿಯ ಎರಡೇ ಮಾತು; ಮಾರ್ಕನು ಅದನ್ನು ಅರಮಾಯಿಕದಲ್ಲಿಯೇ ಉಳಿಸಿಕೊಟ್ಟಿದ್ದಾನೆ. ಕಡೆಗೆ, ಊಟ ಕೊಡಿ ಎಂಬ ಮನೆಮಾತು. ಮಕ್ಕಳ ವಾರ್ಡಿಗೆ ಹೋಗುವವರಿಗೆ ಇದಕ್ಕಿಂತ ಉತ್ತಮ ಕೈಪಿಡಿ ನನಗೆ ತಿಳಿಯದು. ಗದ್ದಲ ಹೊರಗಿರಲಿ. ಜನ ಕಡಿಮೆ ಇರಲಿ. ತಂದೆತಾಯಿ ಒಳಗಿರಲಿ. ಮಾತು ಸಣ್ಣದಿರಲಿ, ಮಗುವಿನ ನುಡಿಯಲ್ಲಿರಲಿ. ಹಸಿವಿನ ವಿಚಾರ ಮರೆಯದಿರಲಿ. ಎಲ್ಲಕ್ಕೂ ಮುಖ್ಯವಾಗಿ, ಬದುಕಿರುವ ಮಗುವಿನ ಮುಂದೆ ಶೋಕದ ಕೊಳಲು ಬೇಡ.

ನಾವು ಮಾಡಬಹುದಾದದ್ದು

ನಮ್ಮ ಹಂಪಿಯ ವಿಜಯವಿಠ್ಠಲ ದೇವಾಲಯದಲ್ಲಿ ನಾದ ಹೊಮ್ಮಿಸುವ ಕಂಬಗಳಿವೆ. ನೋಡಬಂದವರೆಲ್ಲ ಬಡಿದು ಬಡಿದು ಕಲ್ಲು ನಲುಗುತ್ತಿದ್ದುದರಿಂದ ಈಗ ಅವನ್ನು ಮುಟ್ಟುವುದಕ್ಕೇ ನಿಷೇಧ. ಕಾಯಿಲೆಯ ಮಗುವನ್ನೂ ನಮ್ಮ ಸಂತೋಷಕ್ಕೆ ನುಡಿಯುವ ಕಂಬವಾಗಿಸಬಾರದು. ಗಾನವೃಂದದವರು ಹೋಗುವುದಾದರೆ ಇಬ್ಬರು ಮೂವರೇ ಹೋಗಲಿ, ಕಂಠವನ್ನು ಮಾತ್ರ ಒಯ್ಯಲಿ. ಮೊದಲು ದಾದಿಯ ಅನುಮತಿ, ಅನಂತರ ತಾಯಿಯದು, ಅನಂತರ ಮಗುವಿನದು. ಹಾಡಿದ ಮೇಲೆ ಮಗುವಿನ ಹಣೆ ಸಡಿಲಗೊಂಡಿತೇ, ಬಿಗಿಯಾಯಿತೇ ಎಂದು ನೋಡುವುದೇ ಅಲ್ಲಿಯ ವಿಮರ್ಶೆ. ವರ್ಷಕ್ಕೊಮ್ಮೆ ಇಪ್ಪತ್ತು ಜನ ಹೋಗುವುದಕ್ಕಿಂತ ವಾರಕ್ಕೊಮ್ಮೆ ಒಬ್ಬರು ಹೋಗುವುದು ಲೇಸು. ಆಗ ಅವರ ದನಿಯೂ ಮಗುವಿಗೆ ಪರಿಚಿತವಾದೀತು.

ಕೆಲವು ಮಕ್ಕಳು ಹಿಂದಿರುಗುವುದಿಲ್ಲ. ಇದನ್ನು ಹೇಳದೆ ಈ ಲೇಖನ ಪ್ರಾಮಾಣಿಕವಾಗದು. ಕೆನಡಾದ ವ್ಯಾಂಕೂವರಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಸಮೀಪದಲ್ಲಿ ಪ್ರತಿಕ್ರಿಯೆ ನಿಂತಿದ್ದ ಕೆಲವು ವಯಸ್ಕ ರೋಗಿಗಳ ಮೆದುಳು ಶಬ್ದಕ್ಕೆ ಇನ್ನೂ ಸ್ಪಂದಿಸುತ್ತಿದ್ದುದು ಕಂಡುಬಂತು. ಕೇಳಿದ್ದು ಅವರಿಗೆ ಅರ್ಥವಾಯಿತೇ ಎಂಬುದನ್ನು ಆ ಅಧ್ಯಯನ ಹೇಳಲಾರದು. ಆದರೂ ಮಾತು ನಿಂತ ಮಗುವಿನ ಬಳಿ ತಾಯಿ ಹಾಡುವುದನ್ನು ನಿಲ್ಲಿಸಬೇಕಾಗಿಲ್ಲ ಎನ್ನಲು ಅಷ್ಟು ಸಾಕು. ಮಗು ಉಳಿಯಲಿಲ್ಲವೆಂದರೆ ಹಾಡು ಸೋತಿತೆಂದು ಅರ್ಥವಲ್ಲ. ಹಾಡು ಮಗುವನ್ನು ಉಳಿಸುತ್ತೇನೆಂದು ಎಂದೂ ಮಾತು ಕೊಟ್ಟಿರಲಿಲ್ಲ; ಮಗುವನ್ನು ಒಂಟಿಯಾಗಿಸುವುದಿಲ್ಲ ಎಂಬಷ್ಟೇ ಅದರ ಮಾತು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುವ ಹಾಡು ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಅದು ಆರೋಗ್ಯದ ದಿನಗಳಲ್ಲಿ, ಮನೆಯ ಪಡಸಾಲೆಯಲ್ಲಿ, ದಿನದಿನವೂ ಕೇಳಿ ಕೇಳಿ ಮಗುವಿನೊಳಗೆ ಇಳಿದಿರಬೇಕು. ರೈತನು ಹಸಿವಾದರೂ ಬೀಜದ ಕಾಳನ್ನು ತೆಗೆದಿಡುವಂತೆ ಪ್ರತಿ ಮನೆಯೂ ಒಂದೆರಡು ಹಾಡುಗಳನ್ನು ತೆಗೆದಿಡಬೇಕು. ಅಜ್ಜಿ ಇನ್ನೂ ಇದ್ದರೆ ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದೊಡನೆ ಆಕೆಯ ಬಳಿ ಕುಳಿತು ಒಂದು ಪದ ಕೇಳಿ ಕಲಿಯಿರಿ. ಕಂಠ ಒರಟಾಗಿದೆಯೆಂದು ಸಂಕೋಚಪಡಬೇಡಿ, ತಂದೆಯರೂ ಕೂಡ. ಆ ಒರಟು ಕಂಠವನ್ನು ಮಗು ಲೋಕದ ಎಲ್ಲ ಕಂಠಗಳ ನಡುವೆಯೂ ಗುರುತಿಸುತ್ತದೆ. ಇಂದು ರಾತ್ರಿ ದೀಪ ಆರಿಸುವ ಮುನ್ನ ಒಂದು ಚರಣ ಹಾಡಿ. ಅದನ್ನು ಆಸ್ಪತ್ರೆಯಲ್ಲಿ ಹಾಡುವ ದಿನ ನಿಮಗೆ ಎಂದೂ ಬಾರದಿರಲಿ.